ಗುದ್ದಿದ ಗಾಡಿಗೆ ಇನ್ಶೂರೆನ್ಸೇ ಇಲ್ಲದಿದ್ದರೆ?

ಈ ವಾರ ಜೀವಾಮೃತ, ಮುಚ್ಚಿಗೆ, ಹಸಿರೆಲೆ ಗೊಬ್ಬರದ ಮಾತಿಲ್ಲ. ತೋಟದಿಂದ ಮನೆಗೆ ಬರುವ ದಾರಿಯ ಮಾತು. ನಮ್ಮಲ್ಲಿ ತುಂಬಾ ಜನರ ಮನೆ ಮುಂದೆ ಈಗ ಒಂದು ಸೆಕೆಂಡ್ ಹ್ಯಾಂಡ್ ಕಾರು, ಒಂದು ಬೈಕು, ಕೊಟ್ಟಿಗೆ ಪಕ್ಕ ಒಂದು ಟ್ರ್ಯಾಕ್ಟರ್ ಇವೆ. ಮೂರಕ್ಕೂ ಇನ್ಶೂರೆನ್ಸ್ ಕಟ್ಟೋದು ನಾವೇ, ಮೊಬೈಲ್‌ನಲ್ಲೇ, ಎರಡು ನಿಮಿಷದಲ್ಲಿ. ಆ ಎರಡು ನಿಮಿಷದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು ಅಂತ ಇದನ್ನು ಬರೀತಿದ್ದೀನಿ.

2023ರ ನವೆಂಬರ್. ತಿಪಟೂರು ಕಡೆ ನೆಂಟರ ಮನೆಗೆ ಹೋಗಿ ಅಮ್ಮನನ್ನು ಕೂರಿಸಿಕೊಂಡು ವಾಪಸ್ ಬರ್ತಿದ್ದೆ. ಸಂಜೆ ಏಳು ಗಂಟೆ ಆಗಿತ್ತು. ಎಡಗಡೆ ತೋಟದ ದಾರಿಯಲ್ಲಿ ಒಂದು ಲೈಟು ಕಾಣಿಸ್ತು, ಯಾವುದೋ ಬೈಕು ಅಂದುಕೊಂಡೆ. ಬೈಕಲ್ಲ, ಟ್ರ್ಯಾಕ್ಟರು. ಒಂದೇ ಹೆಡ್‌ಲೈಟ್ ಉರೀತಿತ್ತು. ಹಿಂದೆ ಟ್ರಾಲಿ ತುಂಬಾ ತೆಂಗಿನಕಾಯಿ. ನಿಲ್ಲಿಸದೆ ಸೀದಾ ಟಾರ್ ರಸ್ತೆಗೆ ಏರಿ, ಅಮ್ಮ ಕೂತಿದ್ದ ಕಡೆ ಬಾಗಿಲಿಗೆ ಗುದ್ದಿತು. ಅಮ್ಮನ ಎಡಗೈ ಮೂಳೆ ಮುರೀತು.

ಜನ ಸೇರಿದರು. ಟ್ರ್ಯಾಕ್ಟರ್ ಮಾಲೀಕರು ಪಕ್ಕದ ಊರಿನವರೇ, ಅಪ್ಪನಿಗೆ ಪರಿಚಯ. "ಕೇಸು ಗೀಸು ಬೇಡ ಕಣಪ್ಪ, ಆಸ್ಪತ್ರೆ ಖರ್ಚು ನಾನು ನೋಡ್ಕೋತೀನಿ" ಅಂದರು. ಆಸ್ಪತ್ರೆಯಲ್ಲಿ ಕೂತು ಎಂಪರಿವಾಹನ್ ಆ್ಯಪ್‌ನಲ್ಲಿ ಅವರ ಗಾಡಿ ನಂಬರ್ ಹಾಕಿ ನೋಡಿದೆ. ಇನ್ಶೂರೆನ್ಸ್ ಮುಗಿದು ಮೂರು ವರ್ಷ ಆಗಿತ್ತು.

ಆಸ್ಪತ್ರೆಗೆ 78,000 ರೂಪಾಯಿ, ಗ್ಯಾರೇಜಿಗೆ 50,000. ಅವರು ಕೊಟ್ಟಿದ್ದು 20,000. ಆಮೇಲೆ "ಕಾಯಿ ಮಾರಿದ ಮೇಲೆ", "ಹಬ್ಬ ಕಳೀಲಿ" ಅಂತ ದಿನ ಹೋಯ್ತು. ನಾನು ಜಗಳಕ್ಕೆ ಹೊರಟರೆ ಅಮ್ಮನೇ ತಡೆದಳು: "ಹೋಗ್ಲಿ ಬಿಡು, ಅವರೂ ನಮ್ಮ ಹಂಗೇ ಸಂಸಾರಸ್ಥರು."

ನನ್ನ ಕಾರಿಗೆ ಇನ್ಶೂರೆನ್ಸ್ ಇತ್ತಲ್ಲ, ಅದೇನಾಯ್ತು ಅಂತ ಕೇಳ್ತೀರಿ. ಇತ್ತು. ಆದರೆ ಅದು ನನಗಲ್ಲ, ನಾನು ಯಾರಿಗಾದರೂ ಗುದ್ದಿದರೆ ಅವರಿಗೆ.

ಥರ್ಡ್ ಪಾರ್ಟಿ ಅಂದರೆ ಯಾರು?

1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ರಸ್ತೆಗೆ ಇಳಿಯುವ ಪ್ರತಿ ಮೋಟಾರು ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಮೊದಲ ಪಾರ್ಟಿ ನೀವು, ಎರಡನೆಯದು ಇನ್ಶೂರೆನ್ಸ್ ಕಂಪನಿ, ಮೂರನೆಯದು ನಿಮ್ಮ ಗಾಡಿಯಿಂದ ಪೆಟ್ಟು ತಿಂದವರು. ನೀವು ಕಟ್ಟುವ ದುಡ್ಡು ಆ ಮೂರನೆಯವರಿಗೆ.

ಅಂದರೆ ನನಗೆ ಯಾರಾದರೂ ಗುದ್ದಿದರೆ ನನ್ನ ನಷ್ಟ ತುಂಬಬೇಕಾದ್ದು ಅವರ ಥರ್ಡ್ ಪಾರ್ಟಿ ಪಾಲಿಸಿ. ಅವರು ಅದನ್ನು ಕಟ್ಟಿಲ್ಲದಿದ್ದರೆ ಅಲ್ಲೊಂದು ದೊಡ್ಡ ಖಾಲಿ ಜಾಗ. ಇದು ಅಪರೂಪದ ಸಂಗತಿಯೂ ಅಲ್ಲ. ದೇಶದ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ವಿಮೆ ಇಲ್ಲ ಅಂತ ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿಯೇ 2024ರಲ್ಲಿ ಹೇಳಿದೆ. ಎದುರಿಗೆ ಬರುವ ಗಾಡಿಗೆ ಇನ್ಶೂರೆನ್ಸ್ ಇದ್ದೇ ಇರುತ್ತೆ ಅಂತ ನಂಬಿಕೊಂಡು ಓಡಿಸೋದು, ಮಳೆ ಬಂದೇ ಬರುತ್ತೆ ಅಂತ ನಂಬಿಕೊಂಡು ಸಸಿ ನಾಟಿ ಮಾಡಿದ ಹಾಗೆ.

ನನ್ನ ಜೊತೆ ತೋಟಗಾರಿಕೆ ಓದಿ ಈಗ ಅಮೆರಿಕದಲ್ಲಿರೋ ಗೆಳೆಯನಿಗೆ ಈ ಕತೆ ಹೇಳಿದಾಗ ಅವನು, "ನಿನ್ನ ಪಾಲಿಸಿಯಲ್ಲಿ ಅನ್‌ಇನ್ಶೂರ್ಡ್ ಮೋಟರಿಸ್ಟ್ ಕವರೇಜ್ ಇರಲಿಲ್ವಾ?" ಅಂದ. ಅಲ್ಲಿ ಹಾಗೊಂದು ಭಾಗವೇ ಇದೆಯಂತೆ. ವಿಮೆ ಇಲ್ಲದವನು ಗುದ್ದಿದರೆ ನಿಮ್ಮ ಕಂಪನಿಯೇ ನಿಮ್ಮ ಗಾಯದ ಖರ್ಚು ಕೊಡುತ್ತೆ. ಕೆಲವು ರಾಜ್ಯಗಳಲ್ಲಿ ಅದು ಕಡ್ಡಾಯ. ನಮ್ಮ ದೇಶದ ಮೋಟಾರು ಪಾಲಿಸಿಯಲ್ಲಿ ಆ ಹೆಸರಿನ ಭಾಗ ಇಲ್ಲ. ಆ ರಕ್ಷಣೆಯನ್ನು ನಾವೇ ತುಂಡು ತುಂಡಾಗಿ ಜೋಡಿಸಿಕೊಳ್ಳಬೇಕು.

ಕೇಸ್ ಹಾಕಿದರೆ ದುಡ್ಡು ಬರಲ್ವಾ?

ಬರಬಹುದು. ವಿಮೆ ಇಲ್ಲ ಅಂದ ಮಾತ್ರಕ್ಕೆ ಮಾಲೀಕ ತಪ್ಪಿಸಿಕೊಳ್ಳಲು ಆಗಲ್ಲ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿದರೆ ಪರಿಹಾರವನ್ನು ಮಾಲೀಕನೇ ಕೈಯಿಂದ ಕೊಡಬೇಕು ಅಂತ ಆದೇಶ ಆಗುತ್ತೆ. ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಯಾರ ತಪ್ಪು ಅಂತ ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಬಹುದು. ಮೂಳೆ ಮುರಿತ ಕಾನೂನಿನ ಲೆಕ್ಕದಲ್ಲಿ ತೀವ್ರ ಗಾಯವೇ. ಅಂದರೆ ಅಮ್ಮನ ಹೆಸರಲ್ಲಿ ಕೇಳಬಹುದಿತ್ತು.

ಆದರೆ ಕೆಲವು ಸಂಗತಿ ತಿಳಿದಿರಬೇಕು. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿ ಪ್ರಕಾರ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ನಾವು ಪಂಚಾಯ್ತಿ ಮಾತಿನಲ್ಲೇ ಆರು ತಿಂಗಳು ಕಳೆದೆವು. ಎರಡನೆಯದು, ಪೊಲೀಸ್ ದೂರು ಇಲ್ಲದಿದ್ದರೆ ಅರ್ಜಿಗೆ ಬಲ ಇಲ್ಲ. ಮೂರನೆಯದು, ಆದೇಶ ಆದ ಮೇಲೂ ಮಾಲೀಕ ಕೊಡದಿದ್ದರೆ ವಸೂಲಿಗೆ ಮತ್ತೆ ಓಡಾಡಬೇಕು.

ಆ ವಸೂಲಿ ಹೇಗೆ ಅಂತ ರೈತರು ಗಮನಿಸಬೇಕು. 174ನೇ ಸೆಕ್ಷನ್ ಪ್ರಕಾರ ಆ ಹಣವನ್ನು ಜಿಲ್ಲಾಧಿಕಾರಿಗಳು ಭೂಕಂದಾಯ ಬಾಕಿ ವಸೂಲಿ ಮಾಡುವ ರೀತಿಯಲ್ಲೇ ವಸೂಲಿ ಮಾಡಬಹುದು. ಭೂಕಂದಾಯ ಬಾಕಿ ಅಂದರೆ ಏನೇನು ಜಪ್ತಿ ಆಗಬಹುದು ಅಂತ ನಿಮಗೆ ನಾನು ಹೇಳಬೇಕಿಲ್ಲ. ಗಾಡಿಯೂ ಸುಲಭವಾಗಿ ವಾಪಸ್ ಬರಲ್ಲ. ಸಾವು-ನೋವು ಮಾಡಿದ ವಿಮೆ ಇಲ್ಲದ ಗಾಡಿಯನ್ನು ಮಾಲೀಕ ಸಾಕಷ್ಟು ಭದ್ರತೆ ಕೊಡದೆ ಬಿಡಬಾರದು, ಕೊಡದಿದ್ದರೆ ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಗೆ ಕಟ್ಟಬೇಕು ಅನ್ನುವ ನಿಯಮವನ್ನು ಎಲ್ಲ ರಾಜ್ಯಗಳೂ ತರಬೇಕು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ನಮ್ಮನ್ನು ನಾವೇ ಕಾಯುವ ನಾಲ್ಕು ತುಂಡು

*1. ಮಾಲೀಕ-ಚಾಲಕರ ಅಪಘಾತ ವಿಮೆ, ಅಂದರೆ ಪಿಎ ಕವರ್.* ಇದು 15 ಲಕ್ಷ ರೂಪಾಯಿದು. ತಪ್ಪು ಯಾರದೇ ಇರಲಿ, ಎದುರಿನವನಿಗೆ ವಿಮೆ ಇರಲಿ ಬಿಡಲಿ, ಗಾಡಿ ಓಡಿಸುತ್ತಿದ್ದ ಮಾಲೀಕ ತೀರಿಕೊಂಡರೆ ಮನೆಯವರಿಗೆ ಪೂರ್ತಿ ಹಣ. ಎರಡೂ ಕೈ, ಎರಡೂ ಕಾಲು ಅಥವಾ ಎರಡೂ ಕಣ್ಣು ಹೋದರೆ ಪೂರ್ತಿ, ಒಂದು ಹೋದರೆ ಅರ್ಧ. ಮೂಳೆ ಮುರಿದರೆ, ಆಸ್ಪತ್ರೆ ಸೇರಿದರೆ ಇದರಲ್ಲಿ ಏನೂ ಬರಲ್ಲ. ಚಾಲ್ತಿಯಲ್ಲಿರುವ ಡಿಎಲ್ ಇರಲೇಬೇಕು, ಆರ್‌ಸಿ ನಿಮ್ಮ ಹೆಸರಲ್ಲೇ ಇರಬೇಕು.

ನಾನು ಎಡವಿದ್ದು ಇಲ್ಲೇ. ಆನ್‌ಲೈನ್‌ನಲ್ಲಿ ರಿನ್ಯೂ ಮಾಡುವಾಗ "ನನಗೆ ಬೇರೆ ಪಿಎ ಪಾಲಿಸಿ ಇದೆ" ಅಂತ ಒಂದು ಟಿಕ್ ಬರುತ್ತೆ. ಟಿಕ್ ಮಾಡಿದರೆ ಕೆಲವು ನೂರು ರೂಪಾಯಿ ಕಡಿಮೆ. ನನಗೆ ಬೇರೆ ಪಾಲಿಸಿ ಇರಲಿಲ್ಲ, ಆದರೂ ಟಿಕ್ ಮಾಡಿದ್ದೆ. ಆ ಟ್ರ್ಯಾಕ್ಟರ್ ಎಡಗಡೆ ಬದಲು ಬಲಗಡೆ ಗುದ್ದಿದ್ದರೆ ನನ್ನ ಹೆಂಡತಿ-ಮಗುವಿಗೆ ಈ ಪಾಲಿಸಿಯಿಂದ ಒಂದು ರೂಪಾಯಿಯೂ ಬರ್ತಿರಲಿಲ್ಲ.

ಕಾರು, ಬೈಕು ಎರಡಕ್ಕೂ ಬೇರೆ ಬೇರೆ ಪಿಎ ಬೇಕಿಲ್ಲ. 2019ರಿಂದ ಇದನ್ನು ಪ್ರತ್ಯೇಕ ಪಾಲಿಸಿಯಾಗಿಯೂ ತಗೋಬಹುದು. ನಿಮ್ಮ ಎಲ್ಲ ಗಾಡಿಗೂ ಅದೊಂದೇ ಸಾಕು.

*2. ಓನ್ ಡ್ಯಾಮೇಜ್.* ನಾವು "ಫುಲ್ ಇನ್ಶೂರೆನ್ಸ್" ಅಂತೀವಲ್ಲ, ಅದರಲ್ಲಿ ಥರ್ಡ್ ಪಾರ್ಟಿ ಜೊತೆ ಸೇರುವ ಭಾಗ ಇದು. ನಿಮ್ಮ ಗಾಡಿಯ ರಿಪೇರಿಗೆ ನಿಮ್ಮ ಕಂಪನಿಯೇ ಹಣ ಕೊಡುತ್ತೆ. ಗುದ್ದಿದವನನ್ನು ಕಾಯಬೇಕಿಲ್ಲ. ಇದರ ಲೆಕ್ಕವನ್ನು ಕೆಳಗೆ ಬೇರೆಯಾಗಿ ಹಾಕಿದ್ದೀನಿ.

*3. ಜೊತೆಗೆ ಕೂತವರಿಗೆ.* ತಪ್ಪು ನಿಮ್ಮದೇ ಆದಾಗ, ಥರ್ಡ್ ಪಾರ್ಟಿ ಮಾತ್ರ ಇರುವ ಪಾಲಿಸಿಯಲ್ಲಿ ಕಾರಿನೊಳಗೆ ಸುಮ್ಮನೆ ಜೊತೆಗೆ ಬಂದವರಿಗೂ, ಬೈಕಿನ ಹಿಂದೆ ಕೂತವರಿಗೂ ರಕ್ಷಣೆ ಇಲ್ಲ. ಫುಲ್ ಪಾಲಿಸಿಯಲ್ಲಿ ಇದೆ. ಇದಲ್ಲದೆ ಪ್ರಯಾಣಿಕರ ಪಿಎ ಅಂತ ಸೇರಿಸಬಹುದು, ಒಬ್ಬರಿಗೆ ಗರಿಷ್ಠ 2 ಲಕ್ಷ. ಅದೂ ಸಾವು ಮತ್ತು ಶಾಶ್ವತ ಊನಕ್ಕೆ ಮಾತ್ರ. ಅಮ್ಮನ ಕೈಗೆ ಆದಂಥ ಖರ್ಚಿಗೆ ಮದ್ದು ಒಂದೇ, ಮನೆಮಂದಿಗೆಲ್ಲ ಆರೋಗ್ಯ ವಿಮೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಕಾರ್ಡ್ ಮಾಡಿಸಿ ಇಟ್ಟುಕೊಳ್ಳಿ.

*4. ಪ್ರಧಾನಮಂತ್ರಿ ಸುರಕ್ಷಾ ಬಿಮಾ.* ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ ಆಗುತ್ತೆ. 18ರಿಂದ 70 ವರ್ಷದವರಿಗೆ. ಅಪಘಾತದಲ್ಲಿ ಸತ್ತರೆ 2 ಲಕ್ಷ, ಭಾಗಶಃ ಶಾಶ್ವತ ಊನವಾದರೆ 1 ಲಕ್ಷ. ಜೂನ್ 1ಕ್ಕೆ ಖಾತೆಯಲ್ಲಿ ದುಡ್ಡಿರಲಿ. ಗಾಡಿ ಇಲ್ಲದ, ಬರೀ ಹಿಂದೆ ಕೂತು ಹೋಗುವ ಅಪ್ಪ-ಅಮ್ಮನಿಗೂ ಇದನ್ನು ಮಾಡಿಸಬಹುದು.

ಹಳೇ ಕಾರಿಗೆ ಫುಲ್ ಕಟ್ಟೋದು ಲಾಭವಾ?

"ಹಳೇ ಗಾಡಿಗೆ ಯಾಕೆ ಸುಮ್ನೆ ಫುಲ್ಲು" ಅಂತ ಎಲ್ಲರೂ ಹೇಳ್ತಾರೆ. ನಾನೂ ಹಾಗಂದುಕೊಂಡೇ ಬಿಟ್ಟಿದ್ದೆ. 1000 ಸಿಸಿ ಒಳಗಿನ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ 2022ರ ಜೂನ್‌ನಲ್ಲಿ 2,094 ರೂಪಾಯಿ ಅಂತ ನಿಗದಿಯಾಗಿತ್ತು. ಅದಕ್ಕೆ ತೆರಿಗೆ ಬೇರೆ. ಓನ್ ಡ್ಯಾಮೇಜ್ ಸೇರಿಸಿದ್ದರೆ ನನಗೆ ವರ್ಷಕ್ಕೆ ಸುಮಾರು 3,500 ಹೆಚ್ಚಾಗ್ತಿತ್ತು. ಮೂರು ವರ್ಷ ಬಿಟ್ಟಿದ್ದೆ, ಉಳಿಸಿದ್ದು 10,500.

ಈಗ ಕ್ಲೇಮ್ ಲೆಕ್ಕ ನೋಡಿ. ಹಳೇ ಗಾಡಿಗೆ ಬಿಲ್ಲಿನ ಪೂರ್ತಿ ಹಣ ಬರಲ್ಲ, ಸವಕಳಿ ಕಳೀತಾರೆ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ ಶೇ 50. ಗಾಜಿಗೆ ಇಲ್ಲ. ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ, 5ರಿಂದ 10 ವರ್ಷದ ಗಾಡಿಗೆ ಶೇ 40. ನನ್ನ ಕಾರಿಗೆ ಆಗ ಒಂಬತ್ತು ವರ್ಷ. ಗ್ಯಾರೇಜಿನ 50,000ವನ್ನು ಹೀಗೆ ಬಿಡಿಸಬಹುದು:

- ಬಾಗಿಲು ಮತ್ತಿತರ ಲೋಹದ ಭಾಗ 20,000. ಸಿಗೋದು 12,000
- ಪ್ಲಾಸ್ಟಿಕ್, ರಬ್ಬರ್ 10,000. ಸಿಗೋದು 5,000
- ಗಾಜು 5,000. ಪೂರ್ತಿ ಸಿಗುತ್ತೆ
- ಕೂಲಿ 15,000. ಪೂರ್ತಿ ಸಿಗುತ್ತೆ

ಒಟ್ಟು 37,000. ಇದರಲ್ಲಿ 1500 ಸಿಸಿ ಒಳಗಿನ ಕಾರಿಗೆ ಕಡ್ಡಾಯ ಕಡಿತ 1,000 ಹೋಗಿ 36,000. ಅಂದರೆ 10,500 ಉಳಿಸಲು ಹೋಗಿ 36,000 ಕಳ್ಕೊಂಡೆ.

ಹಾಗಂತ ಎಲ್ಲರೂ ಫುಲ್ ಕಟ್ಟಿ ಅಂತ ನಾನು ಹೇಳಲ್ಲ. ಅಪಘಾತ ಆಗದಿದ್ದರೆ ಉಳಿಸಿದ್ದು ಉಳಿಸಿದ್ದೇ. ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು, ಗಾಡಿಯ ಐಡಿವಿ ಎಷ್ಟು? ಗಾಡಿ ಪೂರ್ತಿ ಹೋದರೆ ಕಂಪನಿ ಕೊಡುವ ಗರಿಷ್ಠ ಹಣ ಅದು. ಐದು ವರ್ಷ ದಾಟಿದ ಗಾಡಿಗೆ ಅದನ್ನು ಕಂಪನಿ ಮತ್ತು ನೀವು ಒಪ್ಪಿ ನಿಗದಿ ಮಾಡೋದು. ಹೆಚ್ಚುವರಿ ಪ್ರೀಮಿಯಂ ಐಡಿವಿಯ ಹತ್ತನೇ ಒಂದು ಭಾಗ ಮುಟ್ಟಿದರೆ ನಾನು ಬಿಡ್ತೀನಿ. ಇದು ನನ್ನ ಲೆಕ್ಕ, ಕಾನೂನಲ್ಲ.

ಎರಡು, ನಾಳೆ ಬೆಳಗ್ಗೆ 50,000 ಬಿಲ್ ಬಂದರೆ ಸಾಲ ಮಾಡದೆ ಕಟ್ಟಬಲ್ಲಿರಾ? ಆಗಲ್ಲ ಅಂದರೆ ಫುಲ್ ಕಟ್ಟಿ.

ಮೂರು, ಗಾಡಿ ನಿಂತರೆ ಸಂಪಾದನೆ ನಿಲ್ಲುತ್ತಾ? ನನ್ನ ಕಾರು ಹತ್ತೊಂಬತ್ತು ದಿನ ಗ್ಯಾರೇಜಿನಲ್ಲಿತ್ತು, ಅದರಲ್ಲಿ ಹನ್ನೆರಡು ದಿನ ದುಡ್ಡು ಹೊಂದಿಸೋಕೇ ಹೋಯ್ತು.

ಇನ್ನೊಂದು ವಿಷಯ, ನೋ ಕ್ಲೇಮ್ ಬೋನಸ್. ಕ್ಲೇಮ್ ಮಾಡದೆ ಐದು ವರ್ಷ ಕಳೆದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ 50ರವರೆಗೆ ರಿಯಾಯಿತಿ ಸಿಗುತ್ತೆ. ಪಾಲಿಸಿ ಮುಗಿದು 90 ದಿನದೊಳಗೆ ರಿನ್ಯೂ ಮಾಡದಿದ್ದರೆ ಅದು ಹೋಯ್ತು. ತಪ್ಪು ಎದುರಿನವನದ್ದಾದರೂ ನಮ್ಮ ಪಾಲಿಸಿಯಲ್ಲಿ ಕ್ಲೇಮ್ ಮಾಡಿದರೆ ಬೋನಸ್ ಹೋಗುತ್ತೆ. ಹಾಗಾಗಿ ಮೂರ್ನಾಲ್ಕು ಸಾವಿರದ ಗೀಚಿಗೆಲ್ಲ ಕ್ಲೇಮ್ ಬೇಡ.

ಈಗಾಗಲೇ ಥರ್ಡ್ ಪಾರ್ಟಿ ಮಾತ್ರ ಇರೋರು ಓನ್ ಡ್ಯಾಮೇಜ್ ಒಂದನ್ನೇ ಬೇರೆಯಾಗಿ ತಗೋಬಹುದು. ಮಧ್ಯದಲ್ಲಿ ಬಿಟ್ಟಿದ್ದರೆ ಕಂಪನಿಯವರು ಗಾಡಿಯ ಫೋಟೊ ಅಥವಾ ವಿಡಿಯೊ ಕೇಳ್ತಾರೆ.

ಗೆಳೆಯನ ಬೈಕ್ ತಗೊಂಡು ಹೋದಾಗ

2009ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು ನಮ್ಮ ಬಾಗಲಕೋಟೆ ಜಿಲ್ಲೆ ಕಡೆಯದೇ. ಇಳಕಲ್‌ನಿಂದ ಊರಿಗೆ ಹೊರಟವರೊಬ್ಬರು ಬೇರೆಯವರ ಬೈಕ್ ಕೇಳಿ ಪಡೆದಿದ್ದರು. ಮುಂದೆ ಕಬ್ಬಿಣದ ಶೀಟು ಹೇರಿಕೊಂಡು ಹೋಗ್ತಿದ್ದ ಎತ್ತಿನಗಾಡಿಗೆ ಬೈಕ್ ಬಡಿದು ತೀರಿಕೊಂಡರು. ಎತ್ತಿನಗಾಡಿಗೆ ವಿಮೆ ಕಡ್ಡಾಯ ಅಲ್ಲ. ಬೈಕಿನ ಪಾಲಿಸಿಯಿಂದ ಪರಿಹಾರ ಕೇಳಿದಾಗ, ಗಾಡಿ ಕೇಳಿ ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಹಾಗಾಗಿ ತಪ್ಪು ಸಾಬೀತು ಮಾಡದೆ ಪರಿಹಾರ ಕೊಡುವ ಅಂದಿನ 163ಎ ಸೆಕ್ಷನ್ ಅಡಿ ಥರ್ಡ್ ಪಾರ್ಟಿಯಂತೆ ಕೇಳುವ ಹಾಗಿಲ್ಲ ಅಂತ ಕೋರ್ಟ್ ಹೇಳಿತು. ಮಾಲೀಕನ ಪಿಎ ಕವರ್ ಕೂಡ ಕೇಳಿ ಪಡೆದವನಿಗೆ ಸಿಕ್ಕೇ ಸಿಗುತ್ತೆ ಅಂತ ನಂಬಿಕೊಳ್ಳೋ ಹಾಗಿಲ್ಲ. ಬೇರೆಯವರ ಗಾಡಿ ಓಡಿಸುವ ಹುಡುಗರಿಗೆ ಸ್ವಂತ ಹೆಸರಲ್ಲೊಂದು ಅಪಘಾತ ವಿಮೆ ಇರಲೇಬೇಕು.

ಸರ್ಕಾರದಿಂದ ಏನು ಸಿಗುತ್ತೆ?

ನಮ್ಮ ಅಪಘಾತ ಆದಾಗ ಇರದ ಒಂದು ಯೋಜನೆ 2025ರ ಮೇ ತಿಂಗಳಿಂದ ಬಂದಿದೆ. ಮೋಟಾರು ವಾಹನದಿಂದ ಅಪಘಾತವಾದ ಯಾರಿಗೇ ಆಗಲಿ, ನಿಗದಿತ ಆಸ್ಪತ್ರೆಯಲ್ಲಿ 7 ದಿನದವರೆಗೆ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ. ಗುದ್ದಿದ ಗಾಡಿಗೆ ವಿಮೆ ಇಲ್ಲದಿದ್ದರೂ ಇದು ಸಿಗುತ್ತೆ. ಪೊಲೀಸರ ದೃಢೀಕರಣ ಬೇಕಾಗುತ್ತೆ, ಅದಕ್ಕೇ 112ಕ್ಕೆ ಫೋನ್ ಮಾಡೋದನ್ನು ಬಿಡಬೇಡಿ.

ಗುದ್ದಿ ಓಡಿಹೋದ ಗಾಡಿ ಯಾವುದು ಅಂತ ಪತ್ತೆಯೇ ಆಗದಿದ್ದರೆ, 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಪರಿಹಾರ ಇದೆ. ಗಾಡಿ ಯಾವುದು ಅಂತ ಗೊತ್ತಿದ್ದು ವಿಮೆ ಇಲ್ಲ ಅಂದರೆ ಇದು ಸಿಗಲ್ಲ, ಮೇಲೆ ಹೇಳಿದ ನ್ಯಾಯಮಂಡಳಿ ದಾರಿಯೇ.

ರಸ್ತೆಯಲ್ಲಿ ನಿಂತಾಗ

1. ಮೊದಲು ಗಾಯಾಳು. 108ಕ್ಕೆ, ಆಮೇಲೆ 112ಕ್ಕೆ ಫೋನ್.
2. ಗಾಡಿಗಳನ್ನು ಅಲುಗಾಡಿಸುವ ಮೊದಲು ಫೋಟೊ. ನಂಬರ್ ಪ್ಲೇಟು, ಲೈಟು, ರಸ್ತೆ, ಟ್ರಾಲಿಯ ಹಿಂಭಾಗ.
3. ಎಂಪರಿವಾಹನ್‌ನಲ್ಲಿ ಎದುರಿನ ಗಾಡಿ ನಂಬರ್ ಹಾಕಿ ವಿಮೆಯ ದಿನಾಂಕದ ಸ್ಕ್ರೀನ್‌ಶಾಟ್ ತೆಗೆಯಿರಿ.
4. ನಿಮ್ಮ ಇನ್ಶೂರೆನ್ಸ್ ಕಂಪನಿಗೆ ಅವತ್ತೇ ತಿಳಿಸಿ.
5. "ಇನ್ನು ಯಾವ ತಕರಾರೂ ಇಲ್ಲ" ಅಂತ ಬರೆದ ಕಾಗದಕ್ಕೆ ಸಹಿ ಹಾಕಬೇಡಿ. ಮೂಳೆ ಮುರಿತದ ಪೂರ್ತಿ ಖರ್ಚು ಮೊದಲ ದಿನ ಗೊತ್ತಾಗಲ್ಲ.
6. ಮಾತುಕತೆ ನಡೀಲಿ, ಆದರೆ ದೂರು ಕೊಟ್ಟ ಮೇಲೆ ನಡೀಲಿ. ದೂರು ಕೊಡೋದು ದ್ವೇಷ ಅಲ್ಲ, ದಾಖಲೆ.

ಕೊನೆಗೊಂದು ಮಾತು

ಅಮ್ಮನನ್ನು ಮನೆಗೆ ಕರಕೊಂಡು ಬಂದ ರಾತ್ರಿ ಆ ಟ್ರ್ಯಾಕ್ಟರ್‌ನವರ ಮೇಲೆ ಸಿಟ್ಟು ನೆತ್ತಿಗೇರಿತ್ತು. ಫೋನ್ ಕೈಯಲ್ಲೇ ಇತ್ತು, ಆ್ಯಪ್ ತೆರೆದೇ ಇತ್ತು. ಏನು ತೋಚಿತೋ, ನಮ್ಮದೇ ಟ್ರ್ಯಾಕ್ಟರ್ ನಂಬರ್ ಹಾಕಿದೆ. ಇನ್ಶೂರೆನ್ಸ್ ಮುಗಿದು ಐದು ತಿಂಗಳಾಗಿತ್ತು. ಅಪ್ಪ ನಾನು ಕಟ್ಟಿದ್ದೀನಿ ಅಂದುಕೊಂಡಿದ್ದರು, ನಾನು ಅಪ್ಪ ಕಟ್ಟಿದ್ದಾರೆ ಅಂದುಕೊಂಡಿದ್ದೆ. ಆ ಐದು ತಿಂಗಳಲ್ಲಿ ಅದೇ ಟ್ರ್ಯಾಕ್ಟರ್‌ನಲ್ಲಿ ಎಷ್ಟು ಸಲ ಕತ್ತಲಲ್ಲಿ ಟಾರ್ ರಸ್ತೆ ದಾಟಿದ್ದೆವೋ. ಯಾರದೋ ಅಮ್ಮನ ಕೈ ಮುರಿದಿದ್ದರೆ ನಾವೂ "ಕೇಸು ಬೇಡ ಕಣಪ್ಪ" ಅಂತಲೇ ನಿಂತಿರ್ತಿದ್ದೆವು.

ಟ್ರ್ಯಾಕ್ಟರ್ ಹೊಲದಲ್ಲಷ್ಟೇ ಓಡೋದು ಅನ್ನೋದು ನಮ್ಮ ಸಮಾಧಾನಕ್ಕೆ ಹೇಳಿಕೊಳ್ಳೋ ಮಾತು. ಹೊಲಕ್ಕೆ ಹೋಗಲು ರಸ್ತೆ ದಾಟಲೇಬೇಕು. ವಿಮೆ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ ದಂಡ 2,000, ಎರಡನೇ ಸಲ 4,000, ಜೈಲಿಗೂ ಅವಕಾಶ ಇದೆ. ಆದರೆ ದಂಡ ದೊಡ್ಡದಲ್ಲ, ಜಮೀನು ದೊಡ್ಡದು. ಟ್ರಾಲಿಯೂ ಪಾಲಿಸಿಯಲ್ಲಿ ಸೇರಿದೆಯಾ ನೋಡಿ. ಟ್ರ್ಯಾಕ್ಟರ್ ಅಂದರೆ ಒಂದೇ ಸೀಟು, ಮಡ್‌ಗಾರ್ಡ್ ಮೇಲೆ ಕೂತ ಆಳಿಗೆ ಸಾಮಾನ್ಯವಾಗಿ ವಿಮೆ ರಕ್ಷಣೆ ಸಿಗಲ್ಲ.

ಈಗ ನಮ್ಮ ಮನೆಯಲ್ಲಿ ಕಾರು, ಬೈಕು, ಟ್ರ್ಯಾಕ್ಟರು ಮೂರರ ಕೊನೆಯ ದಿನಾಂಕವನ್ನೂ ನನ್ನ ಫೋನಿನ ಕ್ಯಾಲೆಂಡರ್‌ನಲ್ಲಿ ಹದಿನೈದು ದಿನ ಮೊದಲೇ ಬಾರಿಸುವ ಹಾಗೆ ಇಟ್ಟಿದ್ದೀನಿ. ಟ್ರಾಲಿ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿದ್ದೀನಿ. ಎರಡೂ ಹೆಡ್‌ಲೈಟ್ ಉರೀತಿವೆ.

ಇದನ್ನು ಓದಿ ಮುಗಿಸಿದ ಮೇಲೆ ಮೊದಲು ನಿಮ್ಮ ಟ್ರ್ಯಾಕ್ಟರ್ ನಂಬರ್ ಹಾಕಿ ನೋಡಿ. ಕಾರಿನದು ಆಮೇಲೆ.